ಸಾವಂತ್ರೆವ್ವ ಉಜ್ಜಿದ ಡೈ

ಗೋವೆಯ ವಾಳಪೈ ರಸ್ತೆಯ ಆ ಫೋರ್ಜಿಂಗ್ ಕಾರ್ಖಾನೆಯಲ್ಲಿ ಹೊಸ ಡೈ ಪ್ರೆಸ್ ಏರುವ ಮೊದಲು ಫೋರ್‌ಮನ್ ಗೋಪಪ್ಪ ಅದರೊಳಗೆ ಬಗ್ಗಿ ತನ್ನ ಮೀಸೆ ನೋಡಿಕೊಳ್ಳುತ್ತಿದ್ದ. ಮೀಸೆಯ ಕೂದಲು ಬಿಡಿಬಿಡಿಯಾಗಿ ಕಂಡರೆ ಡೈ ಪಾಸು. ಮಸುಕಾಗಿ ಕಂಡರೆ, "ಸಾವಂತ್ರೆವ್ವಾ, ನನ್ನ ಮೀಸಿಗೆ ಬೂಷ್ಟ ಹಿಡದೈತಿ ನೋಡವಾ" ಎಂದು ಕೂಗಿ ಅವಳ ಮೇಜಿಗೆ ವಾಪಸು ಕಳಿಸುತ್ತಿದ್ದ. ಹಾಗೆ ವಾಪಸು ಬಂದ ಡೈ ಬಹಳ ಕಡಿಮೆ. ಸಾವಂತ್ರೆವ್ವನ ಕೈಯಲ್ಲಿ ಪಾಲಿಶ್ ಆದ ಡೈ ಎಂದರೆ ಹಬ್ಬಕ್ಕೆ ತೊಳೆದಿಟ್ಟ ಹಿತ್ತಾಳೆ ತಂಬಿಗೆ.

ಡೈ ಎಂದರೆ ಉಕ್ಕಿನ ಅಚ್ಚು. ಮೇಲೊಂದು ದಿಮ್ಮಿ, ಕೆಳಗೊಂದು ದಿಮ್ಮಿ, ಎರಡರಲ್ಲೂ ಕೊರೆದ ಕುಳಿ. ಕುಲುಮೆಯಿಂದ ಕಿತ್ತಳೆ ಬಣ್ಣಕ್ಕೆ ಕಾದು ಬಂದ ಕಬ್ಬಿಣದ ತುಂಡನ್ನು ಕೆಳಗಿನ ಕುಳಿಯಲ್ಲಿಟ್ಟು ಪ್ರೆಸ್ ಬಡಿದರೆ ಅದು ಲಾರಿ ಚಕ್ರದ ನಡುಗುಂಬದ, ಅಂದರೆ ಹಬ್ಬಿನ, ಆಕಾರ ತಾಳುತ್ತದೆ. ಕಬ್ಬಿಣದ ಬಿಸಿ ಸಾವಿರದ ಇನ್ನೂರು ಡಿಗ್ರಿಯ ಆಸುಪಾಸು. ಡೈಯ ಮೈ ಇರಬೇಕಾದದ್ದು ಇನ್ನೂರು, ಹೆಚ್ಚೆಂದರೆ ಮುನ್ನೂರು. ಆದರೆ ಪ್ರತಿ ಏಟಿಗೂ ಅದರ ಮೇಲ್ಚರ್ಮ ಕ್ಷಣಮಾತ್ರ ಆರುನೂರರ ಹತ್ತಿರ ಹೋಗಿ, ಗ್ರಾಫೈಟ್ ಬೆರೆಸಿದ ನೀರು ಬಿದ್ದೊಡನೆ ಆರುತ್ತದೆ. ಕಾಯುವುದು, ಆರುವುದು, ಮತ್ತೆ ಕಾಯುವುದು. ಹೀಗಾಗಿ ಎಂಥ ಗಟ್ಟಿ ಉಕ್ಕೂ ಮೇಲುಮೇಲಿಂದ ಮೆತ್ತಗಾಗುತ್ತದೆ. ಕಾದ ಕಬ್ಬಿಣದ ಕಿಟ್ಟ ಮರಳಿನ ಹಾಗೆ ಅದನ್ನು ಗೀಚಿ ಸವೆಸುತ್ತದೆ. ಮೊದಲು ಅಂಚುಗಳು ದುಂಡಗಾಗುತ್ತವೆ, ಆಮೇಲೆ ಬೇಸಿಗೆಯ ಕೆರೆಯ ತಳದಂತೆ ಸಣ್ಣ ಬಿರುಕು ಬಿಡುತ್ತವೆ. ಆಗ ಡೈ ಕೆಳಗಿಳಿಯುತ್ತದೆ. ಸಾಣೆಕಲ್ಲು ತಿರುಗಿಸುವ ಗಾಳಿ ಗ್ರೈಂಡರ್, ಎಮರಿ ಕಾಗದ, ಸೀಮೆಎಣ್ಣೆ ಮತ್ತು ಬೆರಳು, ಇಷ್ಟರಿಂದ ಅದನ್ನು ಮತ್ತೆ ಕೆಲಸಕ್ಕೆ ಎಬ್ಬಿಸುವುದು ಸಾವಂತ್ರೆವ್ವನ ಕೆಲಸ.

ಅಂದರೆ ಡೈ ಸವೆಯುತ್ತಿದ್ದರೆ ಮಾತ್ರ ಅವಳ ಒಲೆ ಉರಿಯುತ್ತಿತ್ತು. ಇದನ್ನು ಅವಳು ಯಾವತ್ತೂ ಹಾಗೆ ಯೋಚಿಸಿರಲಿಲ್ಲ.

ಬಾದಾಮಿ ಕಡೆಯ ಊರಿನಿಂದ ಗಂಡ ಸಂಗಣ್ಣನ ಬೆನ್ನಿಗೆ ಗೋವೆಗೆ ಬಂದಾಗ ಅವಳಿಗೆ ಇಪ್ಪತ್ತಾರು. ಮೊದಲು ಸಿಮೆಂಟ್ ಬುಟ್ಟಿ ಹೊತ್ತಳು. ಸಂಗಣ್ಣ ಮಡಗಾಂವಿನ ಒಂದು ಕಟ್ಟಡದಲ್ಲಿ ಸಾರುವೆ ಮುರಿದು ಬಿದ್ದು ಸೊಂಟ ಕಳೆದುಕೊಂಡ ಮೇಲೆ, ನೆರಳಿನಲ್ಲಿ ಕುಳಿತು ಮಾಡುವ ಕೆಲಸ ಹುಡುಕುತ್ತ ಈ ಕಾರ್ಖಾನೆಯ ಗೇಟಿಗೆ ಬಂದಳು. ಕಂತ್ರಾಟುದಾರನ ಹೆಸರಿನಲ್ಲಿ ಸೇರಿ ಹದಿನೆಂಟು ವರ್ಷವಾದರೂ ಕಂತ್ರಾಟಿನ ಹೆಣ್ಣಾಳಾಗಿಯೇ ಉಳಿದಳು. ಸಂಗಣ್ಣ ಈಗ ಮನೆಯಲ್ಲಿ ಗೋಡೆ ಹಿಡಿದು ಓಡಾಡುತ್ತಾನೆ. ಅವಳ ಪಕ್ಕದ ಮೇಜಿನಲ್ಲಿ ಹುಲಿಗೆಮ್ಮ. ವಯಸ್ಸಿನಲ್ಲಿ ಚಿಕ್ಕವಳು, ಬಾಯಲ್ಲಿ ಹಿರಿಯಳು.

ಶಿವಲಿಂಗ ಈ ಕಾರ್ಖಾನೆಗೆ ಎಂಜಿನಿಯರಾಗಿ ಬಂದ ದಿನ ಸಾವಂತ್ರೆವ್ವ ಕೈಯಲ್ಲಿದ್ದ ಕಲ್ಲು ಕೆಳಗಿಟ್ಟು ಎದ್ದು ನಿಂತಿದ್ದಳು. ಅವನು ಅವರು ಬಾಡಿಗೆಗಿದ್ದ ಚಾಳಿನದೇ ಕೂಸು, ಚಿಕ್ಕವ್ವ ಎನ್ನುವಂತೆ ಅವಳನ್ನು ಮೌಶಿ ಎನ್ನುತ್ತಿದ್ದವನು. ತಾಯಿ ಕೇಸರಿಬಾಯಿ ಕನ್ನಡಿ ಕೂರಿಸಿದ ಚೀಲ, ಮಣಿಸರ ಹೊತ್ತು ಸಮುದ್ರದಂಡೆಯ ಉಸುಕಿನಲ್ಲಿ ಪ್ರವಾಸಿಗಳ ಹಿಂದೆ ನಡೆದು ನಡೆದು ಅವನನ್ನು ಓದಿಸಿದವಳು. ಮಗ ಲೋಹಗಳ ಶಾಸ್ತ್ರ ಓದಿದ ಎಂದು ಯಾರಾದರೂ ಅಂದರೆ ಕೇಸರಿಬಾಯಿ, "ಬಂಗಾರದ್ದು ಅಲ್ಲರೀ, ಕಬ್ಬಿಣದ್ದು" ಎಂದು ತಿದ್ದುತ್ತಿದ್ದಳು.

ಅವನ ನೇಮಕ ಒಂದು ವರ್ಷದ ಪರೀಕ್ಷೆಗೆ. ವರ್ಷ ಮುಗಿಯುವ ಹೊತ್ತಿಗೆ ಏನಾದರೂ ಮಾಡಿ ತೋರಿಸಬೇಕು, ಇಲ್ಲವೇ ಮನೆಗೆ. ಅವನು ಆರಿಸಿಕೊಂಡದ್ದು ಡೈಯ ಸವೆತವನ್ನೇ. ಮಧ್ಯಾಹ್ನ ಸಾವಂತ್ರೆವ್ವನ ಡಬ್ಬಿಯ ರೊಟ್ಟಿಗೆ ಕೈ ಹಾಕುತ್ತ ಹೇಳುತ್ತಿದ್ದ:

"ಮೌಶಿ, ಉಕ್ಕು ಬದಲ ಮಾಡೂದು ಬ್ಯಾಡ. ಅದ ಉಕ್ಕನ್ನ ಒಂದು ಭಟ್ಟಿಯೊಳಗಿಟ್ಟು ನೈಟ್ರೋಜನ್ ಕುಡಿಸಿದ್ರ ಮೈ ಎರಡ ಪಟ್ಟು ಗಟ್ಟಿ ಅಕ್ಕೈತಿ. ಬಿಸಿಯೊಳಗೂ ಮೆತ್ತಗಾಗಂಗಿಲ್ಲ. ಹಳೇ ಡೈ ಮೂರು ಸಾವಿರ ಹಬ್ಬಿಗೆ ಸುಸ್ತಾಗತೈತಲ್ಲ, ಇದು ಏಳೆಂಟು ಸಾವಿರ ಎಳೀತೈತಿ."

"ಹಂಗಾದ್ರ ನಾವು ಏನ್ ಉಜ್ಜೂದ್ರಿ ಸಾಹೇಬ್ರ? ನಿಮ್ಮ ಬೂಟೇನು?" ಎಂದಳು ಹುಲಿಗೆಮ್ಮ.

ಶಿವಲಿಂಗ ನಕ್ಕ. ಸಾವಂತ್ರೆವ್ವನೂ ನಕ್ಕಳು. ಆದರೆ ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ಆ ಮಾತು ಅವಳ ಪಕ್ಕದ ಸೀಟಿನಲ್ಲೇ ಬಂದು ಕುಳಿತಿತ್ತು.

ಮ್ಯಾನೇಜರ್ ಗಾಂವಕರ್ ಒಂದೇ ಒಂದು ಡೈಗೆ ಒಪ್ಪಿದರು. ಅದು ಚಲೋ ನಡೆದರೆ ಎಲ್ಲ ಡೈಗಳಿಗೂ ಅದೇ ದಾರಿ, ಶಿವಲಿಂಗನ ಕೆಲಸ ಕಾಯಂ. ನಡೆಯದಿದ್ದರೆ ಅವನು ಮನೆಗೆ.

ಡೈ ಬೆಳಗಾವಿಯ ಭಟ್ಟಿಗೆ ಹೋಗಿ ಬಂದ ದಿನ ಶಿವಲಿಂಗ ಊರಲ್ಲಿರಲಿಲ್ಲ. ಗಿರಾಕಿಯೊಬ್ಬರ ತಕರಾರಿಗೆಂದು ಅವನನ್ನು ಹಿಂದಿನ ಸಂಜೆ ಪುಣೆಗೆ ಓಡಿಸಿದ್ದರು. ಪೆಟ್ಟಿಗೆ ಬಿಚ್ಚಿದಾಗ ಹೊರಬಂದದ್ದನ್ನು ನೋಡಿ ಗೋಪಪ್ಪ ಮುಖ ಕಿವುಚಿದ. ಬೂದಿ ಬಳಿದಂತೆ ಮಂಕು ಬಣ್ಣ. ಒಳಗೆ ಬಗ್ಗಿದರೆ ಮೀಸೆಯಿರಲಿ, ತಲೆಯೇ ಕಾಣಲಿಲ್ಲ.

"ಇದೇನ ಇದು, ಸುಡುಗಾಡಿಂದ ಎದ್ದು ಬಂದಂಗೈತಿ! ಸಾವಂತ್ರೆವ್ವಾ, ತೊಗೋ. ನಾಳಿ ಮಧ್ಯಾಹ್ನ ಪ್ರೆಸ್ಸಿಗೆ ಏರಸಬೇಕು."

ಡೈಯ ಕಿವಿಗೆ ತಂತಿಯಿಂದ ಒಂದು ಚೀಟಿ ಕಟ್ಟಿತ್ತು. ಇಂಗ್ಲಿಷು. ಬರುವ ಪ್ರತಿ ಡೈಗೂ ಅಂಥದೊಂದು ಇರುತ್ತದೆ. ನಂಬರು, ತೂಕ, ದಿನಾಂಕ. ಗೋಪಪ್ಪ ಅದನ್ನು ಕಿತ್ತು ಡ್ರಾಯರಿಗೆ ಎಸೆದ.

ಸಾವಂತ್ರೆವ್ವ ಎಂದಿನಂತೆ ಸೀಮೆಎಣ್ಣೆ ಹಚ್ಚಿ ಎಮರಿ ಕಾಗದ ಎಳೆದಳು. ಕಾಗದ ಜಾರಿತು. ಇನ್ನಷ್ಟು ಒರಟು ಕಾಗದ ತೆಗೆದಳು. ಅದೂ ಗಾಜಿನ ಮೇಲೆ ಉಗುರು ಎಳೆದಂತೆ ಕಿರ್ರೆಂದಿತೇ ಹೊರತು ಹಿಡಿಯಲಿಲ್ಲ. ಹದಿನೆಂಟು ವರ್ಷದಲ್ಲಿ ಯಾವ ಉಕ್ಕೂ ಅವಳ ಕೈಗೆ ಹೀಗೆ ಎದುರು ನಿಂತಿರಲಿಲ್ಲ.

"ಇದರ ಮೈಯಾಗ ಏನೋ ಐತಲೇ ಹುಲಿಗಿ," ಎಂದಳು.

"ದೆವ್ವ ಐತಿ. ಬಿಟ್ಟಬಿಡು, ಇಂಜಿನೇರ್ ಸಾಹೇಬ್ರು ಬಂದು ಬಿಡಸಲಿ."

ಶಿವಲಿಂಗನಿಗೆ ಫೋನು ಮಾಡೋಣವೇ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದು ಖರೆ. ಕೈ ಸೆರಗಿಗೆ ಒರೆಸಿಕೊಂಡು ಫೋನನ್ನು ಚೀಲದಿಂದ ಹೊರಗೂ ತೆಗೆದಳು. ಅಷ್ಟರಲ್ಲಿ, ಹುಡುಗ ದೊಡ್ಡವರ ಮುಂದೆ ಕುಳಿತಿರುತ್ತಾನೆ, ಉಜ್ಜುವುದನ್ನು ಇವನಿಂದ ಕೇಳಿ ಕಲಿಯಬೇಕೇ ಎನ್ನಿಸಿ ಒಳಗಿಟ್ಟಳು. ಆಮೇಲೆ ಗಾಳಿ ಗ್ರೈಂಡರಿಗೆ ಎಲ್ಲಕ್ಕಿಂತ ಗಡಸಾದ ಹಸಿರು ಸಾಣೆಕಲ್ಲು ಸಿಕ್ಕಿಸಿದಳು. ಒಂದು ಕಲ್ಲು ಸವೆಯಿತು, ಎರಡನೆಯದು ಸವೆಯಿತು. ಅಂಚುಗಳು ಮುಖ್ಯ, ಕಬ್ಬಿಣ ಹರಿದು ತಿರುಗುವುದು ಅಲ್ಲೇ ಎಂದು ಅಂಚುಗಳಿಗೆ ಹೆಚ್ಚು ಕೈ ಕೊಟ್ಟಳು. ಮರುದಿನ ಊಟದ ಹೊತ್ತಿಗೆ ಬೂದಿ ಹೋಗಿ ಬೆಳ್ಳಿ ಬಂದಿತ್ತು. ಕುಳಿಯ ತಳದ ಮೂಲೆಗಳಲ್ಲಿ, ಕಲ್ಲು ಇಳಿಯದ ಕಡೆ ಮಾತ್ರ ಕೊಂಚ ಮಂಕು ಉಳಿಯಿತು. ಗೋಪಪ್ಪ ಬಗ್ಗಿ ನೋಡಿ ಮೀಸೆ ತಿರುವಿದ. ಅವಳ ಎರಡೂ ಹೆಬ್ಬೆರಳು ಬೊಬ್ಬೆ ಎದ್ದಿದ್ದವು. ಗೆದ್ದೆ ಎಂದುಕೊಂಡಳು.

ಶಿವಲಿಂಗ ತಿರುಗಿ ಬರುವಷ್ಟರಲ್ಲಿ ಡೈ ಪ್ರೆಸ್ ಏರಿ, ಗ್ರಾಫೈಟ್ ಕುಡಿದು ಕಪ್ಪಗಾಗಿತ್ತು. ಕಪ್ಪಿನ ಕೆಳಗೆ ಬೂದಿಯಿದೆಯೋ ಬೆಳ್ಳಿಯಿದೆಯೋ ಯಾರಿಗೂ ಕಾಣುವಂತಿರಲಿಲ್ಲ. ಅವನು ದಿನಕ್ಕೆ ಹತ್ತು ಸಲ ಪ್ರೆಸ್ಸಿನ ಹತ್ತಿರ ಹೋಗಿ, ಬಿದ್ದ ಹಬ್ಬುಗಳನ್ನು ಆರಿಸಿ ಅಳತೆ ಹಿಡಿಯುತ್ತಿದ್ದ. ಮೊದಲು ಎಲ್ಲ ಸರಿಯಿತ್ತು. ಎರಡು ಸಾವಿರ ದಾಟಿದ ಮೇಲೆ ಅಂಚು ದುಂಡಗಾಗತೊಡಗಿತು. ಮೂರು ಸಾವಿರಕ್ಕೆ ಹಬ್ಬು ಅಳತೆಯ ಗೇಜಿನಲ್ಲಿ ಕೂರದಾಯಿತು. ಡೈ ಕೆಳಗಿಳಿಯಿತು. ಹಳೆಯದಕ್ಕಿಂತ ಒಂದು ಹಬ್ಬೂ ಹೆಚ್ಚು ಕೊಡಲಿಲ್ಲ.

ಲ್ಯಾಬಿನವರು ಸವೆದ ಜಾಗದಲ್ಲಿ ಗಡಸುತನ ಅಳೆದು, ಇದು ಬರಿಯ ಹಳೆಯ ಉಕ್ಕು, ಮೇಲೆ ಪದರವೇ ಇಲ್ಲ ಎಂದರು. ಬೆಳಗಾವಿಯ ಭಟ್ಟಿಯವನು ತಾನು ಕೊಟ್ಟದ್ದು ಸರಿಯಾಗಿಯೇ ಇತ್ತು ಎಂದು ಆಣೆ ಹಾಕಿದ. ಗಾಂವಕರ್ ಸಾಹೇಬರು ಕೂಗಾಡುವವರಲ್ಲ. "ಶಿವಲಿಂಗಾ, ಪುಸ್ತಕದಲ್ಲಿ ಎಲ್ಲ ಡೈಯೂ ಚೆನ್ನಾಗಿ ಓಡುತ್ತದೆ" ಎಂದಷ್ಟೇ ಹೇಳಿ ತಮ್ಮ ಕಾಗದಕ್ಕೆ ಮರಳಿದರಂತೆ. ತಿಂಗಳ ಕೊನೆಗೆ ಅವನ ವರ್ಷ ಮುಗಿಯುವುದಿತ್ತು.

ಅವನು ಊಟದ ಹೊತ್ತಿಗೆ ಬಂದು ಸಾವಂತ್ರೆವ್ವನ ಎದುರಿನ ಮರದ ಪೆಟ್ಟಿಗೆಯ ಮೇಲೆ ಕುಳಿತ. ರೊಟ್ಟಿ ಮುಟ್ಟಲಿಲ್ಲ.

"ಮೌಶಿ, ಅವ್ವಗ ಇನ್ನೂ ಹೇಳಿಲ್ಲ. ನೀನೂ ಹೇಳಬ್ಯಾಡ."

"ಯಾಕ ಹಿಂಗಾತೋ ತಮ್ಮಾ? ಅಷ್ಟು ಓದಿ ಮಾಡಿದ್ದು."

"ಅದ ತಿಳೀವಲ್ದು. ಆ ಪದರ ಭಾಳ ತೆಳ್ಳಗಿರತೈತಿ, ಎರಡು ಕಾಗದ ಕೂಡಿಸಿದಷ್ಟು. ಆದ್ರ ಡೈಯ ಜೀವ ಇರೂದ ಅದರಾಗ. ಬೂದಿ ಬಣ್ಣ ಇರತೈತಿ ನೋಡು, ಅದ. ಅದು ಇರೂತನಕಾ ಅರ ಹಾಕಿದ್ರೂ ಜಾರತೈತಿ, ಎಮರಿ ಹಿಡಿಯಂಗಿಲ್ಲ."

ಸಾವಂತ್ರೆವ್ವ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ವಾಪಸು ಇಟ್ಟಳು. ಹುಲಿಗೆಮ್ಮ ಅವಳ ಮುಖ ನೋಡಿದಳು, ಆಮೇಲೆ ತನ್ನ ಡಬ್ಬಿಯನ್ನು ನೋಡಿಕೊಂಡಳು. ಶಿವಲಿಂಗ ಎದ್ದು ಹೋದ.

ಅವಳ ಮೈಗೆ ಅರ್ಥವಾದದ್ದು ಮೊದಲು, ತಲೆಗೆ ಆಮೇಲೆ. ಯಾವುದು ಎರಡು ದಿನ ತನ್ನ ಕೈಗೆ ಎದುರು ನಿಂತಿತ್ತೋ, ಯಾವುದನ್ನು ಸೋಲಿಸಲು ಕಲ್ಲಿನ ಮೇಲೆ ಕಲ್ಲು ಹಾಕಿದ್ದಳೋ, ಬೆಂಕಿಯ ಎದುರು ನಿಲ್ಲಬೇಕಾಗಿದ್ದುದೂ ಅದೇ. ಹೆಚ್ಚು ಸವೆಯುವ ಅಂಚುಗಳಲ್ಲೇ ಅದನ್ನು ಹೆಚ್ಚು ಮುತುವರ್ಜಿಯಿಂದ ತೆಗೆದು ಹಾಕಿದ್ದಳು.

ಮನೆಯಲ್ಲಿ ಸಂಗಣ್ಣನಿಗೆ ಹೇಳಿದಳು. ಅವನು ಗೋಡೆಗೆ ಒರಗಿ ಪೂರ್ತಿ ಕೇಳಿಸಿಕೊಂಡ.

"ನಿನಗ ಯಾರರೆ ಹೇಳಿದ್ರೇನು, ಉಜ್ಜಬ್ಯಾಡ ಅಂತ?"

"ಇಲ್ಲ."

"ಗೋಪಪ್ಪ ಉಜ್ಜು ಅಂದ?"

"ಹೌದು."

"ಮತ್ತ ನಿನ್ನ ತಪ್ಪೇನು? ಬಾಯಿ ಮುಚ್ಚಿಕೊಂಡಿರು. ಹೇಳಿದಿ ಅಂದ್ರ ಮಾಡೂದೇನು? ಇನ್ನೊಂದು ಡೈ ಮಾಡಸ್ತಾರ, ಅದು ಓಡತೈತಿ, ನಿನ್ನ ಮೇಜು ಎತ್ತಿ ಹೊರಗ ಒಗೀತಾರ. ನಾನು ಹಿಂಗ ಅದೀನಿ. ಹುಡುಗ ಕಲಿತಾಂವ, ಇಲ್ಲಲ್ಲಾಂದ್ರ ಎಲ್ಲೆರೆ ಹೋಗ್ತಾನ."

"ಕೇಸರಿಬಾಯಿ…"

"ಕೇಸರಿಬಾಯಿ ನಮಗ ಅನ್ನ ಹಾಕ್ತಾಳೇನ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಅವಳನ್ನು ಕೊರೆಯುತ್ತಿದ್ದುದು ಬೇರೆ. ಫೋನನ್ನು ಹೊರಗೆ ತೆಗೆದು ಮತ್ತೆ ಒಳಗೆ ಇಟ್ಟದ್ದು ಯಾಕೆ? ಹುಡುಗನಿಗೆ ತೊಂದರೆ ಕೊಡಬಾರದೆಂದೇ? ಉಜ್ಜುವುದು ತನಗೆ ಗೊತ್ತು ಎಂಬ ಸೊಕ್ಕಿಗೇ? ಇಲ್ಲವೇ, ಈ ಡೈ ಗಟ್ಟಿ ನಿಂತರೆ ನಾಳೆ ತಾನು ನಿಲ್ಲುವುದಿಲ್ಲ ಎಂದು ಕೈಗೆ ಎಲ್ಲೋ ಗೊತ್ತಿತ್ತೇ? ಇದಕ್ಕೆ ಅಳತೆಯ ಗೇಜು ಯಾರ ಹತ್ತಿರವೂ ಇಲ್ಲ. ಗೊತ್ತಿರಲಿಲ್ಲ ಎಂದು ತನಗೆ ತಾನೇ ಆಣೆ ಇಟ್ಟು ಹೇಳಲು ಆಗುತ್ತಿಲ್ಲ ಎಂಬುದೊಂದೇ ಅವಳಿಗೆ ಖಚಿತವಾದದ್ದು.

ಶುಕ್ರವಾರ ಮ್ಹಾಪಸಾ ಸಂತೆಯಿಂದ ಬರುತ್ತ ಕೇಸರಿಬಾಯಿ ಅವಳ ಬಾಗಿಲಲ್ಲಿ ನಿಂತಳು. ಬೆನ್ನ ಮೇಲೆ ಮಾರಾಟವಾಗದ ಚೀಲಗಳ ಗಂಟು.

"ಸಾವಂತ್ರಿ, ನನ್ನ ಮಗ ಉಣವಲ್ಲ. ಅಲ್ಲಿ ಏನರೆ ಆಗೈತೇನ? ನೀ ದಿನಾ ನೋಡ್ತಿಯಲ್ಲ."

"ಕೆಲಸದ್ದು ಇರತೈತಿ ತಗೋ," ಎಂದಳು ಸಾವಂತ್ರೆವ್ವ. ಅಂದಮೇಲೆ ಅವಳ ಮುಖ ನೋಡಲಾಗದೆ ಒಳಗೆ ಹೋಗಿ ಸುಮ್ಮನೆ ಒಂದು ಪಾತ್ರೆಯನ್ನು ಇಲ್ಲಿಂದ ಅಲ್ಲಿಗಿಟ್ಟಳು.

ಸೋಮವಾರ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲೇ ಅವಳು ಶಿವಲಿಂಗನನ್ನು ಗುಜರಿ ಮೂಲೆಗೆ ಕರೆದೊಯ್ದಳು. ಸೋತ ಡೈ ಅಲ್ಲಿ ಮಲಗಿತ್ತು. ನಿನ್ನೆಯ ಮಳೆಗೆ ಅದರ ಮೇಲೆ ತುಕ್ಕಿನ ಚುಕ್ಕೆ ಎದ್ದಿದ್ದವು.

"ಇದರ ಬೂದಿ ನಾ ತಗದೀನಿ ತಮ್ಮಾ. ಕಲ್ಲು ಹಾಕಿ."

ಅವನಿಗೆ ಕೂಡಲೇ ತಿಳಿಯಲಿಲ್ಲ. ತಿಳಿದ ಮೇಲೆ ಒಳಗಿನಿಂದ ಒಂದು ಅರ ತಂದು ಅಂಚಿನ ಮೇಲೆ ಎಳೆದ. ಅರ ಕಚ್ಚಿತು, ಉಕ್ಕಿನ ಪುಡಿ ಉದುರಿತು. ಕುಳಿಯೊಳಗೆ ಕೈಯಿಳಿಸಿ, ತಳದ ಮೂಲೆಯಲ್ಲಿ ಮಂಕು ಉಳಿದಿದ್ದ ಕಡೆ ಎಳೆದ. ಅರ ಜಾರಿತು. ಮತ್ತೊಮ್ಮೆ ಎಳೆದ, ಮತ್ತೆ ಜಾರಿತು. ಮೂರು ಸಾವಿರ ಏಟು ತಿಂದೂ ಅಲ್ಲಿ ಆ ಪದರ ಹಾಗೆಯೇ ಇತ್ತು. ಅವನು ಅರ ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟ. ಅಳುತ್ತಾನೋ ನಗುತ್ತಾನೋ ತಿಳಿಯದ ಮುಖ.

"ಚೀಟಿ ಕಟ್ಟಿತ್ತಲ್ಲ ಮೌಶಿ. ಪಾಲಿಶ್ ಮಾಡಬಾರದು ಅಂತ ಬೆಳಗಾವಿಯವ್ರಿಗೆ ಹೇಳಿ ನಾನ ಬರಸಿದ್ದೆ."

"ಯಾವ ಭಾಷಾದಾಗ?"

ಅವನು ತಲೆ ತಗ್ಗಿಸಿದ. ಅರ ಕೆಳಗಿಟ್ಟು ಅಂದ:

"ನಾ ಪುಣೆಕ್ಕ ಹೋಗೂಮುಂದ ನಿನಗ ಒಂದು ಮಾತು ಹೇಳಿ ಹೋಗಬೇಕಿತ್ತು. ದಿನಾ ನಿನ್ನ ರೊಟ್ಟಿ ತಿಂತಿದ್ದೆ. ಇದೊಂದು ಹೇಳೂದು ಹೊಳೀಲಿಲ್ಲ." ಆಮೇಲೆ ದನಿ ತಗ್ಗಿಸಿ, "ನೀ ಯಾರಿಗೂ ಹೇಳಬ್ಯಾಡ. ಕಂತ್ರಾಟುದಾರ ನಿನ್ನ ಅವತ್ತ ಹೊರಗ ಹಾಕ್ತಾನ."

"ಹೇಳಲಿಲ್ಲಂದ್ರ ನಿನ್ನ ಹೊರಗ ಹಾಕ್ತಾರ."

"ನಾ ಎಲ್ಲೆರೆ…"

"ಎಲ್ಲೆರೆ ಅಂತ ನನ್ನ ಗಂಡನೂ ಅಂದ. ನೀವಿಬ್ಬರೂ ಆ 'ಎಲ್ಲೆರೆ' ನೋಡಿ ಬಂದೀರೇನ? ನಡಿ."

ಮ್ಯಾನೇಜರರ ಕ್ಯಾಬಿನ್ನಿನಲ್ಲಿ ಅವಳು ಅದುವರೆಗೆ ಕಾಲಿಟ್ಟಿರಲಿಲ್ಲ. ತನ್ನ ಹರಕು ಹಿಂದಿಯಲ್ಲಿ, ಕಲ್ಲು ಹಾಕಿದ್ದು ತಾನು, ಬೂದಿ ತೆಗೆದದ್ದು ತಾನು, ಹುಡುಗ ಊರಲ್ಲಿರಲಿಲ್ಲ ಎಂದಳು. ಗೋಪಪ್ಪನ ಹೆಸರು ಎತ್ತಲಿಲ್ಲ. ಶಿವಲಿಂಗ ನಡುವೆ ಬಾಯಿ ಹಾಕಿ, ಸೂಚನೆ ಕೊಡದ ತಪ್ಪು ತನ್ನದು ಎಂದ. ಗಾಂವಕರ್ ಸಾಹೇಬರು ಗುಜರಿ ಮೂಲೆಗೆ ತಾವೇ ಬಂದು ಅರ ಎಳೆದು ನೋಡಿದರು, ಅಂಚಿನಲ್ಲೊಮ್ಮೆ, ತಳದಲ್ಲೊಮ್ಮೆ. ಕನ್ನಡಕ ತೆಗೆದು ಒರೆಸಿಕೊಂಡರು.

"ಇನ್ನೊಂದು ಮಾಡು, ಅದು ಓಡಿ ಮುಗಿಯುವವರೆಗೆ ಇರು," ಎಂದರು ಶಿವಲಿಂಗನಿಗೆ. ಅವಳನ್ನು ದಾಟಿ ಕ್ಯಾಬಿನ್ನಿಗೆ ನಡೆದರು. ಅವರು ಕೆಟ್ಟವರಲ್ಲ; ಅವಳಿಗೆ ಏನು ಹೇಳಬೇಕೆಂದು ಅವರಿಗೂ ತಿಳಿದಿರಲಿಲ್ಲವೆಂದು ಕಾಣುತ್ತದೆ.

ಎರಡನೆಯ ಡೈ ಬಂದಾಗ ಶಿವಲಿಂಗ ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದ. ಅದರ ಮೇಲೆ ಬಿಳಿ ಬಣ್ಣದಲ್ಲಿ ಕನ್ನಡ, ಕೊಂಕಣಿ, ಹಿಂದಿ ಮೂರರಲ್ಲೂ 'ಉಜ್ಜಬಾರದು' ಎಂದು ಬರೆಸಿದ್ದ. ಸಾವಂತ್ರೆವ್ವ ಎಣ್ಣೆಯ ಬಟ್ಟೆಯಿಂದ ಧೂಳಷ್ಟೇ ಒರೆಸಿದಳು. ಗೋಪಪ್ಪ ಅಭ್ಯಾಸಬಲದಿಂದ ಬಗ್ಗಿದ. ಏನೂ ಕಾಣದೆ ಎದ್ದು, ಅವಳತ್ತ ನೋಡದೆ ಹೋದ.

ಆ ಡೈ ಮೂರು ಸಾವಿರ ದಾಟಿತು. ಐದು ದಾಟಿತು. ಪ್ರೆಸ್ಸಿನ ಹುಡುಗರು ಪಂದ್ಯ ಕಟ್ಟತೊಡಗಿದರು. ಏಳು ಸಾವಿರದ ದಿನ ಶಿವಲಿಂಗ ಎಲ್ಲರಿಗೂ ಬಟಾಟೆವಡೆ ತರಿಸಿದ. ಒಂದು ತಟ್ಟೆ ಸಾವಂತ್ರೆವ್ವನ ಮೇಜಿಗೂ ಬಂತು, ಇನ್ನೊಬ್ಬರ ಕೈಯಲ್ಲಿ. ಅವನು ಕಾಯಂ ಆದ. ಅದಾದ ಮೇಲೆ ಊಟದ ಹೊತ್ತಿಗೆ ಅವನಿಗೆ ಆಫೀಸಿನಲ್ಲೇ ಏನಾದರೂ ಕೆಲಸ ಇರುತ್ತಿತ್ತು. ಸಿಟ್ಟಲ್ಲ, ಅಹಂಕಾರವೂ ಅಲ್ಲ. ಅವಳ ಎದುರು ಆ ಪೆಟ್ಟಿಗೆಯ ಮೇಲೆ ಕೂರಲು ಅವನಿಂದ ಆಗುತ್ತಿರಲಿಲ್ಲ, ಅಷ್ಟೇ. ಅವಳಿಗೆ ಅದು ತಿಳಿಯುತ್ತಿತ್ತು. ಆದರೂ ಕೆಲವು ದಿನ ಎರಡು ರೊಟ್ಟಿ ಹೆಚ್ಚು ತಂದಳು, ಆಮೇಲೆ ನಿಲ್ಲಿಸಿದಳು.

ಒಂದೊಂದಾಗಿ ಎಲ್ಲ ಡೈಗಳೂ ಬೆಳಗಾವಿಗೆ ಹೋಗಿ ಬೂದಿ ಬಣ್ಣ ತೊಟ್ಟು ಬಂದವು. ಮೇಜಿನ ಮೇಲೆ ಧೂಳು ಕೂತಿತು. ಪಾಲಿಶಿಗೆ ಒಬ್ಬಳು ಸಾಕು ಎಂದು ಕಂತ್ರಾಟುದಾರ ಹೇಳಿದ. ಡೈ ಹಾಳು ಮಾಡಿದವಳು ಯಾರೆಂದು ಅವನಿಗೆ ಗೊತ್ತಿತ್ತು, ಹೀಗಾಗಿ ಉಳಿಯುವ ಆ ಒಬ್ಬಳು ಯಾರು ಎಂದು ಕೇಳುವ ಪ್ರಮೇಯವೇ ಬರಲಿಲ್ಲ. ಹುಲಿಗೆಮ್ಮ ಅವಳ ಕೈ ಹಿಡಿದು, "ಅಕ್ಕಾ, ನಾ ಏನೂ ಅಂದಿಲ್ಲ, ಖರೇನ ಏನೂ ಅಂದಿಲ್ಲ" ಎಂದು ಅತ್ತಳು. "ನೀ ಯಾಕ ಅಳ್ತಿಯ ಹುಚ್ಚಿ, ಎಣ್ಣಿ ಕೈ ಕಣ್ಣಿಗೆ ಹಚ್ಚಬ್ಯಾಡ," ಎಂದಳು ಸಾವಂತ್ರೆವ್ವ.

ಆ ಮಳೆಗಾಲದ ಕೊನೆಗೆ ಅವಳು ಬೆಳಿಗ್ಗೆ ವಾಳಪೈಯ ನಾಲ್ಕುರಸ್ತೆಯ ನಾಕಾದಲ್ಲಿ, ದಿನಗೂಲಿಗೆ ಕರೆಯುವವರಿಗಾಗಿ ಕಾಯುವ ಹೆಂಗಸರ ಜೊತೆ ನಿಂತಿರುತ್ತಿದ್ದಳು. ಒಂದು ದಿನ ಮೋಟರ್ ಸೈಕಲ್ ಒಂದು ದಾಟಿ ಹೋಗಿ, ನಿಂತು, ತಿರುಗಿ ಬಂತು. ಶಿವಲಿಂಗ ಹೆಲ್ಮೆಟ್ ತೆಗೆದ.

"ಮೌಶಿ, ಸಾಹೇಬ್ರಿಗೆ ಎರಡು ಸಲ ಕೇಳಿದೆ. ಬ್ಯಾರೆ ಯಾವದರೆ ಕೆಲಸ…"

"ಆ ಡೈ ಹೆಂಗೈತಿ?" ಎಂದು ಅವಳು ಅವನ ಮಾತು ತಡೆದಳು. "ಎರಡನೇದು?"

"ಇನ್ನೂ ಓಡಾಕತ್ತೈತಿ. ಅಂಚು ಈಗೀಗ ಜರಾ ಹೋಗಾಕತ್ತೈತಿ. ಒಂಬತ್ತು ಸಾವಿರ ದಾಟೇತಿ."

"ಒಂಬತ್ತು!" ಎಂದಳು. ಹೆಮ್ಮೆ ಎನ್ನಬಹುದಾದದ್ದೊಂದು ಮುಖದ ಮೇಲೆ ಬಂತು, ನಿಲ್ಲಲಿಲ್ಲ.

ಅಷ್ಟರಲ್ಲಿ ಪಿಕಪ್ ಗಾಡಿಯೊಂದು ಬಂದು, "ಸ್ಲ್ಯಾಬಿಗೆ ಮೂರು ಬಾಯಾಂ" ಎಂದು ಮೂವರು ಹೆಣ್ಣಾಳುಗಳಿಗಾಗಿ ಯಾರೋ ಕೂಗಿದರು. ಹೆಂಗಸರು ಒಮ್ಮೆಗೇ ನುಗ್ಗಿದರು. ಸಾವಂತ್ರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರ ನಡುವೆ ತೂರಿ ಗಾಡಿಯ ಹಿಂಬದಿಯ ಸರಳು ಹಿಡಿದಳು. ಒಳಗಿದ್ದವಳೊಬ್ಬಳು ಕೈ ಕೊಟ್ಟು ಎಳೆದುಕೊಂಡಳು. ಗಾಡಿ ಹೊರಟಾಗ ಶಿವಲಿಂಗ ಇನ್ನೂ ಅಲ್ಲೇ, ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತಿದ್ದ. ಅವಳು ಅವನಿಗೆ, ಹೋಗು, ನಿನಗೆ ಹೊತ್ತಾಯಿತು ಎಂದು ಕೈಸನ್ನೆ ಮಾಡಿದಳು.